‘ಎರಡು ಡೋಸ್ ಹಾಕಿಸಿದ್ರೂ ಬಂತಲ್ಲ!’

ಕೊರೊನಾ ಲಸಿಕೆ ಸುದ್ದಿ ಬಂದರೆ ದಾವಣಗೆರೆಯಲ್ಲಿ ಈಗಲೂ ಕೇಳುವ ಮಾತು ಇದೇ. ಮೊನ್ನೆ ಜಗಳೂರು ಕಡೆಯ ನಮ್ಮ ಚಿಕ್ಕಪ್ಪನೂ ಇದನ್ನೇ ತೆಗೆದರು. "ತೊಂಬತ್ತೈದು ಪರ್ಸೆಂಟ್ ಅಂದಿದ್ರಲ್ಲೋ, ಎಲ್ಲಿ ಹೋತು?"

ಆ 95 ಫೈಜರ್ ಲಸಿಕೆಯದು. ನಮ್ಮೂರಲ್ಲಿ ಅದನ್ನು ಕೊಟ್ಟೇ ಇಲ್ಲ, ಆದರೂ ಆ ನಂಬರ್ ಮಾತ್ರ ಎಲ್ಲರ ಬಾಯಲ್ಲಿ! ಸುಮಾರು 43 ಸಾವಿರ ಜನರ ಪ್ರಯೋಗ ಅದು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ಕಾಯಿಲೆ ಬಿದ್ದವರು 170. ಅವರಲ್ಲಿ 162 ಜನ ಉಪ್ಪುನೀರಿನವರು, 8 ಜನ ಲಸಿಕೆಯವರು. ಅಂದ್ರೆ ಲಸಿಕೆಯವರಲ್ಲಿ ಕಾಯಿಲೆ 95 ಪರ್ಸೆಂಟ್ ಕಡಿಮೆ. ಲೆಕ್ಕ ಸರಿಯಾಗೇ ಇದೆ. ಆದ್ರೆ ಅದು 2020ರ ವೈರಸ್ ಮೇಲೆ, ಕೆಲವೇ ತಿಂಗಳು ನೋಡಿ ಹಾಕಿದ ಲೆಕ್ಕ. ವರ್ಷದ ಮೇಲೆ ಎಷ್ಟು ಉಳಿಯುತ್ತೆ ಅಂತ ಯಾರು ಹೇಳಬೇಕಿತ್ತು? ವರ್ಷವೇ ಆಗಿರಲಿಲ್ಲ, ಅಲ್ವಾ?

ಚಿಕ್ಕಪ್ಪ ಮೆಕ್ಕೆಜೋಳ ಬೆಳೆಯುವವರು. "ಬೀಜದ ಪ್ಯಾಕೆಟ್ ಮೇಲೆ ಮೊಳಕೆ 90 ಪರ್ಸೆಂಟ್ ಅಂತ ಇರುತ್ತಲ್ಲ, ಹೊಲದಾಗೆ ಅಷ್ಟೂ ಹುಟ್ಟುತ್ತಾ?" ಅಂದೆ. "ಮಳೆ ಕೈಕೊಟ್ರೆ ಎಲ್ಲಿ ಹುಟ್ಟುತ್ತಪ್ಪಾ" ಅಂದವರು ಸುಮ್ಮನಾದರು.

ನಮ್ಮ ವಿಷಯದಲ್ಲಿ ಕೈಕೊಟ್ಟಿದ್ದು ವೈರಸ್ಸೇ. ಅದು ರೂಪ ಬದಲಿಸಿತು, ಮೊದಲು ಡೆಲ್ಟಾ ಬಂತು. 2021ರ ಡಿಸೆಂಬರ್‌ನಲ್ಲಿ ದೇಶದ ಮೊದಲ ಎರಡು ಒಮಿಕ್ರಾನ್ ಕೇಸ್ ಬೆಂಗಳೂರಲ್ಲೇ ಸಿಕ್ಕವು. ಸೋಂಕು ತಡೆಯುವುದರಲ್ಲಿ ಲಸಿಕೆ ಸೋತಿತು, ಜೀವ ಉಳಿಸುವುದರಲ್ಲಿ ಬಹಳ ಮಟ್ಟಿಗೆ ನಿಂತಿತು.

ನನ್ನ ತಕರಾರು ಲಸಿಕೆ ಮೇಲಲ್ಲ, ಹೇಳಿದ ರೀತಿ ಮೇಲೆ. ಕೊವ್ಯಾಕ್ಸಿನ್‌ಗೆ 2021ರ ಜನವರಿ 3ಕ್ಕೇ ಒಪ್ಪಿಗೆ ಸಿಕ್ಕಿತು. ಲಸಿಕೆ ಎಷ್ಟು ಕೆಲಸ ಮಾಡುತ್ತೆ ಅಂತ ತೋರಿಸುವ ಮೂರನೇ ಹಂತದ ಪ್ರಯೋಗದ ಫಲಿತಾಂಶವೇ ಆಗಿನ್ನೂ ಬಂದಿರಲಿಲ್ಲ. ಆಮೇಲೆ ಬಂದಿದ್ದು 77.8 ಪರ್ಸೆಂಟ್, ಒಳ್ಳೇದೇ ಆಯ್ತು. ಆದ್ರೆ ‘ಇನ್ನೂ ಗೊತ್ತಿಲ್ಲ, ಆದರೂ ಈ ಕಾರಣಕ್ಕೆ ಕೊಡ್ತಿದ್ದೀವಿ’ ಅಂತ ಬಾಯಿಬಿಟ್ಟು ಹೇಳಿದ್ದರೆ ಏನಾಗ್ತಿತ್ತು? ಕೋವಿಶೀಲ್ಡ್ ಕತೆಯೂ ಅಷ್ಟೇ. ಎರಡು ಡೋಸ್ ನಡುವಿನ ಗ್ಯಾಪ್ ಮೊದಲು 4–6 ವಾರ, ಆಮೇಲೆ 6–8, ಮೇ ತಿಂಗಳಲ್ಲಿ 12–16. ಸ್ಟಾಕ್ ಇಲ್ಲದ್ದಕ್ಕೆ ಮುಂದೆ ಹಾಕಿದ್ರು ಅಂತ ಜನ ಆಡಿಕೊಂಡರು. ನಿಜ ಹೇಳಬೇಕಂದ್ರೆ, ಗ್ಯಾಪ್ ಜಾಸ್ತಿ ಇದ್ದರೆ ರಕ್ಷಣೆಯೂ ಜಾಸ್ತಿ ಅಂತ ಈ ಲಸಿಕೆ ರೂಪಿಸಿದ ಆಕ್ಸ್‌ಫರ್ಡ್‌ನವರ ಲೆಕ್ಕ ಆಗಲೇ ತೋರಿಸಿತ್ತು: 6 ವಾರಕ್ಕಿಂತ ಕಡಿಮೆ ಇದ್ದರೆ ಸುಮಾರು 55 ಪರ್ಸೆಂಟ್, 12 ವಾರ ದಾಟಿದರೆ 81. ಆ ಎರಡು ನಂಬರ್ ಲಸಿಕೆ ಕ್ಯಾಂಪಿನ ಬಾಗಿಲಿಗೆ ಅಂಟಿಸಿದ್ದರೂ ಸಾಕಿತ್ತು.

ಪಕ್ಕದ ಶಿವಮೊಗ್ಗದ ಮಂಗನ ಕಾಯಿಲೆ ನೋಡಿ. ಕಾಯಿಲೆ ಗೊತ್ತಾಗಿದ್ದು 1957ರಲ್ಲಿ. ಅದರ ಲಸಿಕೆ ಎರಡು ಡೋಸ್ ಹಾಕಿಸಿ, ಬೂಸ್ಟರ್ ಹಾಕಿಸಿ, ಮತ್ತೆ ವರ್ಷ ವರ್ಷ ಹಾಕಿಸಿದರೂ ಕಾಯಿಲೆ ಬರುತ್ತಿತ್ತು. 2022ರಲ್ಲಿ ಅದನ್ನು ನಿಲ್ಲಿಸಿದರು. ಈಗ ಹೊಸದರ ಕೆಲಸ ನಡೆದಿದೆ. ಅದು ಬಂದಾಗಲಾದರೂ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಬಾಯಲ್ಲಿ ‘ಹಾಕಿಸ್ಕೊಳ್ಳಿ, ಏನೂ ಬರಲ್ಲ’ ಅಂತ ಹೇಳಿಸಬೇಡಿ. ಎಷ್ಟು ದಿನ, ಯಾರಿಗೆ, ಯಾವುದರಿಂದ ರಕ್ಷಣೆ ಅಂತ ಗೊತ್ತಿರೋದಷ್ಟನ್ನೇ ಹೇಳಿಕೊಡಿ. ಆಮೇಲೆ ಬಾಗಿಲಲ್ಲಿ ನಿಂತು ಬೈಸಿಕೊಳ್ಳೋದು ಅವರೇ.