ಎಂಟರಲ್ಲಿ ದುರ್ಗ, ಹತ್ತರಲ್ಲಿ ದಾವಣಗೆರೆ

ನಾವು ಹೈಸ್ಕೂಲಿಗೆ ಸೇರಿದ್ದು 1996ರ ಜೂನಲ್ಲಿ, ಚಿತ್ರದುರ್ಗ ಜಿಲ್ಲೆಲಿ. ಎಸ್ಸೆಸ್ಸೆಲ್ಸಿ ಬರೆದಿದ್ದು 1999ರಲ್ಲಿ, ದಾವಣಗೆರೆ ಜಿಲ್ಲೆಲಿ. ಹಂಗಂತ ಟಿಸಿ ತಗೊಂಡು ಸ್ಕೂಲ್ ಬದಲಾಯಿಸಿದ್ವಾ ಅಂದ್ರೆ ಅದೂ ಇಲ್ಲ, ಅದೇ ಸ್ಕೂಲು, ಅದೇ ಬೇವಿನ ಮರ, ಒಂದು ಕಾಲು ಗಿಡ್ಡ ಇದ್ದ ಅದೇ ಬೆಂಚು. ನಾವು ಕೂತಲ್ಲೇ ಕೂತಿದ್ವಿ, ಜಿಲ್ಲೆನೇ ಎದ್ದು ಹೋಯ್ತು ನೋಡ್ರಿ.

ಎಂಟನೇ ಕ್ಲಾಸಲ್ಲಿ ಎಲ್ರಿಗೂ ಚಡ್ಡಿ. ಸಮಾಜ ಮೇಷ್ಟ್ರು ಕರ್ನಾಟಕದ 20 ಜಿಲ್ಲೆ ಬಾಯಿಪಾಠ ಮಾಡಿಸಿದ್ರು, ಆಮೇಲೆ ನಮ್ಮ ಜಿಲ್ಲೆ ನಕ್ಷೆ ಬರ್ಕೊಂಡು ಬರ್ರಿ ಅಂದ್ರು. ಹಾಳೆಗೆ ಎಣ್ಣೆ ಸವರಿ ಅಟ್ಲಾಸ್ ಮೇಲಿಟ್ಟು ಟ್ರೇಸ್ ಮಾಡೋದು ಎಲ್ರಿಗೂ ಗೊತ್ತಿದ್ದ ಉಪಾಯ, ಆದ್ರೆ ನಮ್ಮ ಲೀಡರ್ರು ಎಣ್ಣೆ ಯಾಕೆ ದಂಡ ಅಂತ ಮಿರ್ಚಿ ಕಟ್ಟಿಸ್ಕೊಂಡು ಬಂದಿದ್ದ ಪೇಪರನ್ನೇ ಇಟ್ಟು ಗೆರೆ ಎಳೆದಿದ್ದ. ಮೇಷ್ಟ್ರು ಹಾಳೆ ಮೂಸಿ ನೋಡಿ, ಹಿರಿಯೂರಿನ ಹತ್ರ ಅಂಟಿದ್ದ ಮಂಡಕ್ಕಿ ಉದುರಿಸಿ, ಹತ್ತಕ್ಕೆ ಏಳು ಕೊಟ್ರು.

ಒಂಬತ್ತಕ್ಕೆ ಬಂದ್ವಿ. ಸ್ವಾತಂತ್ರ್ಯಕ್ಕೆ 50 ವರ್ಷ ತುಂಬಿದ್ದು, 1997ರ ಆಗಸ್ಟ್ 15. ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಅವತ್ತೇ ನಮ್ದು ಹೊಸ ಜಿಲ್ಲೆ ಆಯ್ತು, ಮೆರವಣಿಗೆಲಿ ಕೂಗಿ ಕೂಗಿ ಗಂಟಲು ಬಿದ್ದೋಗಿತ್ತು. ಖುಷಿ ಎಲ್ಲ ಮುಂದಿನ ಸಮಾಜ ಪೀರಿಯಡ್ ತನಕ ಅಷ್ಟೇ. 20 ಇದ್ದ ಜಿಲ್ಲೆ 27 ಆಗ್ಬಿಟ್ಟಿವೆ, ಹೊನ್ನಾಳಿ ಚನ್ನಗಿರಿ ಶಿವಮೊಗ್ಗದಿಂದ ನಮ್ಮ ಕಡೆ ಬಂದವೆ, ಹರಪನಹಳ್ಳಿ ಬಳ್ಳಾರಿಯಿಂದ ಬಂದೈತೆ, ಮತ್ತೆ ನಕ್ಷೆ ಬರೀಬೇಕು! ಅಟ್ಲಾಸಲ್ಲಿ ನೋಡಿದ್ರೆ ಇನ್ನೂ ಹಳೇದೇ. 'ಟೆಸ್ಟಿಗೆ ಹಳೆ ಜಿಲ್ಲೆನಾ ಹೊಸ ಜಿಲ್ಲೆನಾ ಸಾರ್' ಅಂತ ಒಬ್ಬ ಕೇಳಿದ. 'ಎರಡೂ ಓದ್ಕೊಂಡು ಬಾರಲೇ' ಅಂದ್ರು.

ಆ ವರ್ಷ ಡಿಸೆಂಬರ್‌ನಲ್ಲಿ ದುರ್ಗಕ್ಕೆ ಟ್ರಿಪ್. ಹೋದ ವರ್ಷದ ತನಕ ನಮ್ಮ ಜಿಲ್ಲಾ ಕೇಂದ್ರ ಅಂತಿದ್ದ ಊರಿಗೆ ಈಗ ಪ್ರವಾಸ, ಅದೂ ಮನೇಲಿ ಚಿತ್ರಾನ್ನ ಕಟ್ಟಿಸ್ಕೊಂಡು, ಅರವತ್ತು ಕಿಲೋಮೀಟರಿಗೆ ಇಬ್ರು ವಾಂತಿ ಮಾಡ್ಕೊಂಡು. ಏಳು ಸುತ್ತಿನ ಕೋಟೆ ಅಂತ ಓದಿದ್ದಕ್ಕೆ ಹುಡುಗ್ರು ಎಣಿಸೋಕೆ ಶುರು ಮಾಡಿ ಮೂರಕ್ಕೇ ಲೆಕ್ಕ ತಪ್ಪಿದ್ರು. ಓಬವ್ವನ ಕಿಂಡಿ ಹತ್ರ ಮಾತ್ರ ಎಲ್ರಿಗೂ ಅದರೊಳಗೆ ನುಗ್ಗಲೇಬೇಕು. ಹೈದರಾಲಿ ಸೈನಿಕರು ಒಬ್ಬೊಬ್ರೇ ತೂರಿದ ಜಾಗ, ನಮ್ಮ ಗುಂಡ ಬ್ಯಾಗ್ ಸಮೇತ ತೂರಿದ, ಅರ್ಧಕ್ಕೆ ಸಿಕ್ಕಾಕ್ಕೊಂಡ. ಹಿಂದೆಯಿಂದ ನಾಲ್ಕು ಜನ ತಳ್ಳಿದ್ರು, ಮುಂದೆ ಹುಡುಗೀರು ನೀರಿನ ಬಾಟಲಿನೇ ಒನಕೆ ಮಾಡ್ಕೊಂಡು ಅವನ ತಲೆ ಹೊರಗೆ ಬರ್ಲಿ ಅಂತ ಕಾಯ್ತಿದ್ರು. ಕೊನೆಗೆ ಪಿಟಿ ಮೇಷ್ಟ್ರು ಬಂದು ಬ್ಯಾಗಿನ ಪಟ್ಟಿ ಬಿಚ್ಚಿದ್ಮೇಲೆ ಅವನು ಹೊರಗೆ ಬಂದ, ಚಿತ್ರಾನ್ನದ ಡಬ್ಬಿ ಮಾತ್ರ ನಗ್ಗಿ ಹೋಗಿತ್ತು.

ಹತ್ತನೇ ಕ್ಲಾಸಿನ ಬಗ್ಗೆ ಹೇಳೋಕೇನಿಲ್ಲ. ಫುಲ್ ಪ್ಯಾಂಟು, ಬೆಳಿಗ್ಗೆ ಏಳಕ್ಕೆ ಸ್ಪೆಷಲ್ ಕ್ಲಾಸು, 625ಕ್ಕೆ ಎಷ್ಟು ಬರುತ್ತೆ ಅಂತ ಕೇಳೋ ನೆಂಟರು, ಹಾಲ್ ಟಿಕೆಟ್ ಹಿಡ್ಕೊಂಡು ದುಗ್ಗಮ್ಮನ ಗುಡಿಲಿ ಸಾಲು.

ಬೀಳ್ಕೊಡುಗೆ ದಿನ ತೆಗೆಸಿದ ಗ್ರೂಪ್ ಫೋಟೋ ಇನ್ನೂ ನನ್ನ ಹತ್ರ ಐತೆ. ಗುಂಡ ಕಣ್ಣು ಮುಚ್ಚಿದಾನೆ, ಲೀಡರ್ರು ಮೇಷ್ಟ್ರ ಪಕ್ಕದಲ್ಲೇ ಜಾಗ ಹಿಡಿದಿದಾನೆ. ಹಿಂದೆ ಸ್ಕೂಲಿನ ಬೋರ್ಡು. ಹೊಸ ಜಿಲ್ಲೆ ಆದಾಗ ಪೇಂಟರಿಗೆ ಯಾಕೆ ದುಡ್ಡು ಅಂತ ಅಕ್ಷರ ಚೆನ್ನಾಗಿದ್ದ ಹುಡುಗನ ಕೈಲೇ ಬರೆಸಿದ್ರು, ಎರಡು ಮಳೆಗೇ ಬಣ್ಣ ಬಿಟ್ಕೊಂಡಿತ್ತು. ಕಣ್ಣು ಕಿರಿದು ಮಾಡಿ ನೋಡಿದ್ರೆ 'ದಾವಣಗೆರೆ ಜಿಲ್ಲೆ' ಅನ್ನೋದರ ಕೆಳಗಿಂದ 'ಚಿತ್ರದುರ್ಗ' ಇಣುಕ್ತಾ ಇರುತ್ತೆ.