ಆಲ್ಬಮ್ ಶುದ್ಧಿ ವಿಧಾನ

ರಾಕ್ ಆಲ್ಬಮ್‌ಗೆ ಮೈಲಿಗೆಯಾದರೆ ಶುದ್ಧಿ ಮಾಡುವುದು ಹೇಗೆ? ಗಂಜಲ ಬೇಡ, ಪಂಚಗವ್ಯವೂ ಬೇಡ. ಅಮೆರಿಕದ ದೊಡ್ಡ ಅಂಗಡಿಗಳು 1994ರಲ್ಲೇ ಕ್ರಮ ಹಾಕಿಕೊಟ್ಟಿವೆ: ಒಳಗಿನ ಹಾಡಿನ ಮಾತು ಹಾಗೇ ಇರಲಿ, ಡಬ್ಬಿಯ ಬೆನ್ನು ತೊಳೆಯಿರಿ.

ಮೈಲಿಗೆಯಾಗಿದ್ದು ಅಮೆರಿಕದ ರಾಕ್ ತಂಡ ನಿರ್ವಾನಾದ ‘ಇನ್ ಯೂಟೆರೊ’. ಹಿಂದಿನ ‘ನೆವರ್‌ಮೈಂಡ್’ ಆಲ್ಬಮ್ ತೀರಾ ನಯವಾಯಿತೆಂದು ತಂಡದ ಹಾಡುಗಾರ ಕರ್ಟ್ ಕೋಬೇನ್‌ಗೆ ಕಸಿವಿಸಿ. ಹಾಗಾಗಿ 1993ರ ಫೆಬ್ರುವರಿಯಲ್ಲಿ ತಂಡ ಮಿನ್ನೆಸೋಟದ ಪ್ಯಾಕಿಡರ್ಮ್ ಸ್ಟುಡಿಯೊ ಸೇರಿತು. ರೆಕಾರ್ಡಿಂಗಿಗೆ ಸ್ಟೀವ್ ಆಲ್ಬಿನಿ. ಪ್ಲಂಬರ್‌ಗೆ ಕೊಡುವ ಹಾಗೆ ಕೂಲಿ ಕೊಡಿ, ರಾಯಲ್ಟಿ ಬೇಡ ಎಂದ ಆಸಾಮಿ; ಕೂಲಿ 1 ಲಕ್ಷ ಡಾಲರ್ ಎನ್ನುವುದು ಬೇರೆ ಮಾತು. ಕೋಣೆಯ ಗೋಡೆಗೆ ಬಡಿದು ಬರುವ ಸದ್ದೂ ಟೇಪಿಗೆ ಬೀಳಲೆಂದು ಡೇವ್ ಗ್ರೋಲ್‌ನ ಡ್ರಮ್ಸ್ ಸುತ್ತ ಸುಮಾರು 30 ಮೈಕ್ ನಿಲ್ಲಿಸಿದ. ಸಾಲದ್ದಕ್ಕೆ ಎರಡು ಹಾಡಿಗೆ ಡ್ರಮ್ಸನ್ನೇ ಅಡುಗೆಮನೆಗೆ ಸಾಗಿಸಿದರು. ಮಿಕ್ಸಿಂಗ್, ಅಂದರೆ ಬೇರೆಬೇರೆ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸವೂ ಸೇರಿ ಎರಡೇ ವಾರದಲ್ಲಿ ಕೆಲಸ ಮುಗಿಯಿತು.

ತೊಡಕಿರಲಿಲ್ಲ ಎಂದಲ್ಲ. ಬೇಸ್ ಗಿಟಾರಿನ ಸದ್ದು ಮಸುಕಾಗಿತ್ತು, ಗಿಟಾರಿನ ಗದ್ದಲದಲ್ಲಿ ಹಾಡುವ ದನಿ ಮುಳುಗುತ್ತಿತ್ತು. ಅಚ್ಚಿಗೆ ಹೋಗುವ ಮುಂಚಿನ ಕೊನೆಯ ತಿದ್ದುಪಡಿಯಲ್ಲಿ (ಮಾಸ್ಟರಿಂಗ್) ಬಾಬ್ ಲಡ್ವಿಗ್ ಬೇಸ್ ತಿದ್ದಿ, ದನಿಯನ್ನು ಸುಮಾರು 3 ಡೆಸಿಬೆಲ್ ಏರಿಸಿದರು. ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಹಾಡುಗಳನ್ನು ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದರು. ಅದು ದುರಸ್ತಿ, ಕಿವಿಯಿದ್ದವರ ಕೆಲಸ. ಶುದ್ಧಿಗೆ ಕಿವಿ ಬೇಕಾಗಿಲ್ಲ.

ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಗಿ ಅಮೆರಿಕದ ಆಲ್ಬಮ್ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದರೂ ವಾಲ್‌ಮಾರ್ಟ್, ಕೆಮಾರ್ಟ್ ಎಂಬ ಆ ದೊಡ್ಡ ಅಂಗಡಿಗಳು ಆಲ್ಬಮ್ಮನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. (ವಾಲ್‌ಮಾರ್ಟ್‌ನಲ್ಲಿ ಬೇಟೆ ಬಂದೂಕಿಗೆ ಜಾಗವಿತ್ತು.) ಸಣ್ಣ ಊರಿನ ಹುಡುಗರಿಗೆ ಹಾಡು ಸಿಗುವುದೇ ಅಂಥ ಅಂಗಡಿಗಳಲ್ಲಿ, ತಾನೂ ಹಾಗೇ ಕೊಂಡು ಬೆಳೆದವನು ಎಂದು ಕೋಬೇನ್ ಡಬ್ಬಿ ಬದಲಿಸಲು ಒಪ್ಪಿದ. 1994ರ ಮಾರ್ಚ್‌ನಲ್ಲಿ ಮಡಿ ಆವೃತ್ತಿ ಬಂತು.

ಈಗ ತೊಳೆದದ್ದೇನು ನೋಡಿ. ಹಿಂಬದಿಯಲ್ಲಿ ಹೂಗಳ ನಡುವೆ ಭ್ರೂಣದ ಬೊಂಬೆಗಳಿದ್ದವು, ಮಾಯವಾದವು. ಮುಂಬದಿಯಲ್ಲಿ ಚರ್ಮದೊಳಗಿನ ಕರುಳು, ಸ್ನಾಯುಗಳನ್ನೆಲ್ಲ ತೋರಿಸಿಕೊಂಡು ನಿಂತ ರೆಕ್ಕೆಯ ಹೆಂಗಸು? ಆಕೆಗೆ ತೊಂದರೆಯಿಲ್ಲ. ಅತ್ಯಾಚಾರದ ವಿರುದ್ಧ ಬರೆದ ‘ರೇಪ್ ಮಿ’ ಹಾಡಿನ ಹೆಸರು ಹಿಂಬದಿಯ ಪಟ್ಟಿಯಲ್ಲಿ ‘ವೇಫ್ ಮಿ’ ಆಯಿತು (ವೇಫ್ ಎಂದರೆ ದಿಕ್ಕಿಲ್ಲದ ಕೂಸು). ಡಿಸ್ಕ್ ಹಾಕಿದರೆ ಕೋಬೇನ್ ಗಂಟಲು ಹರಿಯುವಂತೆ ಹಳೆಯ ಮಾತನ್ನೇ ಕೂಗುತ್ತಾನೆ. ಅಂಗಡಿಯವರು ಡಬ್ಬಿ ಓದಿದರು, ಹಾಡು ಕೇಳಲಿಲ್ಲ.

ಡಬ್ಬಿಯನ್ನಾದರೂ ಪೂರ್ತಿ ಓದಿದರೇ? ಭ್ರೂಣ ಅಳಿಸಿದ ಅದೇ ಬೆನ್ನಿನ ಮೇಲೆ ‘ಪೆನ್ನಿರಾಯಲ್ ಟೀ’ ಆರಾಮಾಗಿ ಕೂತಿತ್ತು. ಪೆನ್ನಿರಾಯಲ್ ಎಂದರೆ ಹಿಂದಿನ ಕಾಲದಿಂದ ಗರ್ಭ ಇಳಿಸಲು ಕುಡಿಸುತ್ತಿದ್ದ ಗಿಡಮೂಲಿಕೆ. ಅಂಗಡಿಯವರು ಯಾವುದೋ ಚಹಾಪುಡಿ ಅಂದುಕೊಂಡಿರಬೇಕು.