ಹೃದಯದ ಬೈಪಾಸ್ ಆಪರೇಷನ್ ಆದರೆ ಮರೆವು ಗ್ಯಾರಂಟಿಯಾ? ಹಾಗೇನಿಲ್ಲ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "70 ದಾಟಿದವರಿಗೆ ಬೈಪಾಸ್ ಬೇಡ. ಯಂತ್ರಕ್ಕೆ ಹಾಕಿದರೆ ಮೆದುಳಿಗೆ ರಕ್ತ ಹೋಗಲ್ಲ, ನೆನಪು ಪೂರ್ತಿ ಅಳಿಸುತ್ತೆ." ಇದು ತಪ್ಪು.

ಹೃದಯ ನಿಲ್ಲಿಸಿದ ಹೊತ್ತಲ್ಲಿ ಮೆದುಳಿಗೆ ರಕ್ತ ಕಳಿಸುವುದೇ ಆ ಯಂತ್ರ. ಯಂತ್ರವಿಲ್ಲದೆ ಮಾಡಿದ ಬೈಪಾಸ್ ಜೊತೆ ವರ್ಷಗಳ ನಂತರ ಹೋಲಿಸಿದರೂ ನೆನಪಿನಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಹಲವು ಕಡೆ ಹಣೆಗೆ ಸ್ಟಿಕ್ಕರಿನಂಥ ಸೆನ್ಸರ್ ಅಂಟಿಸಿ, ಮೆದುಳಿನ ಆಮ್ಲಜನಕ ಇಳಿಯದಂತೆ ಕಾಯುತ್ತಾರೆ.

ಅಪಾಯವೇ ಇಲ್ಲ ಅಂತಲ್ಲ. ಬೈಪಾಸ್ ಆದ 100 ಜನರಲ್ಲಿ ಸುಮಾರು ಒಬ್ಬಿಬ್ಬರಿಗೆ ಪಾರ್ಶ್ವವಾಯು ಆಗಬಹುದು, ವಯಸ್ಸಾದಂತೆ ಜಾಸ್ತಿ. ದೊಡ್ಡ ರಕ್ತನಾಳದ ಒಳಗೆ ಗಟ್ಟಿಯಾದ ಕೊಬ್ಬಿನ ಚೂರು ಕಿತ್ತು ಮೆದುಳಿಗೆ ಹೋಗುವುದು ಇದಕ್ಕೆ ಒಂದು ಮುಖ್ಯ ಕಾರಣ.

ಸಂದೇಶ ಹುಟ್ಟಿದ್ದು ಬಹುಶಃ ಬೇರೆ ಕಡೆ. ಆಪರೇಷನ್ ಆದ ಎರಡನೇ ರಾತ್ರಿ ತಾತ ಐಸಿಯುನಲ್ಲಿ ಎದ್ದು ಕೂತು, "ಮಳೆ ಬಂತು, ಕಣದಲ್ಲಿರೋ ಕಾಫಿಗೆ ಟಾರ್ಪಾಲ್ ಹೊದಿಸ್ರೋ" ಅಂತ ಕೂಗುತ್ತಾರೆ. ಕೈಯ ಡ್ರಿಪ್ ಕೀಳಲು ಹೋಗುತ್ತಾರೆ. ನೋಡಿದವರಿಗೆ ಗಾಬರಿ ಆಗದೆ ಇರುತ್ತಾ? ಇದು ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬರುವ ಮನಸ್ಸಿನ ಗೊಂದಲ. ವಯಸ್ಸಾದವರಲ್ಲಿ ಸಾಮಾನ್ಯ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಜಾಸ್ತಿ ಸಮಯ ಬೇಕು.

ಆಪರೇಷನ್ನಿಗೆ ಮೈಸೂರಿಗೆ ಹೊರಡುವಾಗ ಕನ್ನಡಕ, ಕಿವಿಯ ಮೆಷಿನ್ ಬ್ಯಾಗಿಗೆ ಹಾಕಿಕೊಳ್ಳಿ. ಗೊತ್ತಿರುವ ದನಿ, ರಾತ್ರಿ ನಿದ್ದೆ ತುಂಬಾ ಸಹಾಯ ಮಾಡುತ್ತವೆ. ಸಂಜೆಯ ಪೆಗ್ಗಿನ ಲೆಕ್ಕವನ್ನೂ ಡಾಕ್ಟರಿಗೆ ಸರಿಯಾಗಿ ಹೇಳಿ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೂ ಹೀಗೇ ಗೊಂದಲ ಆಗಬಹುದು. ಮನೆಯವರು ಸುಮ್ನೆ ಮುಚ್ಚಿಡುವುದು ಇದನ್ನೇ.